ಡೈರಿ ಡಬ್ಬದ ಆರು ನಂಬರು

ಕೆಂಚಮ್ಮ ಕೋಪ ಬಂದರೆ ಕೂಗಾಡುವವಳಲ್ಲ. ಕ್ಯಾನು ತೊಳೆಯುತ್ತಾಳೆ. ತೊಳೆದ ಕ್ಯಾನನ್ನೇ ಎಳೆದುಕೊಂಡು ಇನ್ನೊಂದು ಸಲ ತೊಳೆಯುತ್ತಾಳೆ. ಆ ಸೋಮವಾರ ಬೆಳಿಗ್ಗೆ ಹೊಂಗೇದೊಡ್ಡಿಯ ಹಾಲಿನ ಡೈರಿ ಮುಂದೆ ಕ್ಯಾನುಗಳು ಢಣಢಣ ಅನ್ನುತ್ತಿದ್ದದ್ದು ಕೋಡಿಹಳ್ಳಿ ಬಸ್ಸು ನಿಲ್ಲುವ ಜಾಗದ ತನಕ ಕೇಳುತ್ತಿತ್ತು.

ಸಾಲಲ್ಲಿ ನಿಂತಿದ್ದ ಮಾಯಮ್ಮ ಸುಮ್ಮನಿರಲಾರದೆ ಕೆಣಕಿದಳು. "ಅದ್ಯಾಕೆ ಕೆಂಚಕ್ಕ, ಕ್ಯಾನು ತೂತು ಬೀಳೋ ಹಂಗ್ ಉಜ್ತಿದ್ದೀಯೆ? ನಿನ್ನೆ ಒಂದ್ ಗುಂಡಿ ಒತ್ತಿದ್ರೆ ಸಾಕಾಗಿತ್ತಲ್ಲ!"

ಇಬ್ಬರು ಮೂವರು ನಕ್ಕರು. ಕೆಂಚಮ್ಮ ತಲೆ ಎತ್ತಲಿಲ್ಲ. ಅವಳ ಸೊಂಟದ ಎಲೆಯಡಿಕೆ ಚೀಲದಲ್ಲಿ ಡೈರಿಯ ಬೀಗದ ಕೈ ಇತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇತ್ತು. ಹನ್ನೊಂದು ಗಂಟೆಗೆ ಕಮಿಟಿಯವರು ಸೇರಿ ಅದನ್ನು ಇಸಿದುಕೊಳ್ಳುತ್ತಾರೆ ಅನ್ನುವ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

ಓದಿದ್ದು ಮೂರನೇ ಕ್ಲಾಸು. ಗಂಡ ತೀರಿಕೊಂಡ ವರ್ಷ ಡೈರಿಯಲ್ಲಿ ಕಸ ಗುಡಿಸುವುದಕ್ಕೆ ಸೇರಿದವಳು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ಹಾಲಿನ ಲಾರಿ ಹೋದ ಮೇಲೆ ನೆಲ ತೊಳೆದು ಬೀಗ ಹಾಕಿ, ಮತ್ತೆ ಸಂಜೆ ಐದಕ್ಕೆ ತೆಗೆಯಬೇಕು. ಜ್ವರವಿದ್ದರೂ ಹೋದಳು. ಮಗಳ ಮದುವೆ ದಿನ ಧಾರೆ ಮುಗಿಯುತ್ತಲೇ, ಮದುವೆ ಸೀರೆಯಲ್ಲೇ ಬಂದು ಬಾಗಿಲು ತೆಗೆದಳು. ಊರಲ್ಲಿ ಅವಳಿಗೆ ಹೊಲ ಕಮ್ಮಿ, ನಂಟರು ಕಮ್ಮಿ. ಇದ್ದ ಮರ್ಯಾದೆಯೆಲ್ಲ ಆ ಹಿತ್ತಾಳೆ ಬೀಗದ ಕೈಯಲ್ಲಿತ್ತು.

ಸುತ್ತಿನ ನಾಲ್ಕಾರು ಊರಿನ ಡೈರಿಗಳಲ್ಲಿ ಕಳ್ಳತನವಾಗಿತ್ತು. ಹಾಗಾಗಿ ಮೂರು ವಾರದ ಹಿಂದೆ ಇಲ್ಲೂ ಅಲಾರಂ ಕೂರಿಸಿದರು. ಕೂರಿಸಲು ಬಂದವನು ರಾಮನಗರದ ಸಾಬೀರ್. ಒಳ್ಳೇ ಕೆಲಸಗಾರ, ಮಾತು ನಿಧಾನ. ಬಾಗಿಲ ಒಳಪಕ್ಕ ನಂಬರು ಒತ್ತುವ ಹಲಗೆ, ಮೂಲೆಯಲ್ಲಿ ಯಾರಾದರೂ ಅಲುಗಾಡಿದರೆ ಹಿಡಿಯುವ ಕೆಂಪು ಕಣ್ಣು, ಹೊರಗೆ ಸೂರಿನ ಕೆಳಗೆ ಕೂಗುವ ಸೈರನ್ನು. ಇವನ್ನೆಲ್ಲ ಆಳುವ ಡಬ್ಬವನ್ನು ಮಾತ್ರ ಬೀರುವಿನೊಳಗೆ, ಹಸುಗಳಿಗೆ ಹಾಕುವ ಖನಿಜದ ಪುಡಿ ಮೂಟೆ ಹಿಂದೆ ಇಟ್ಟ. "ಕಳ್ಳನ ಕಣ್ಣಿಗೆ ಬೀಳ್ಬಾರ್ದು ಅಮ್ಮಾ," ಅಂದ.

ಅವನ ಸುತ್ತ ಕಮಿಟಿಯ ಗಂಡಸರು ನಿಂತು ರಾಜಕೀಯ ಮಾತಾಡುತ್ತಿದ್ದರು. ಮಾತು ಕೇಳಿಸಿಕೊಂಡವಳು ನೆಲ ಒರೆಸುತ್ತಿದ್ದ ಕೆಂಚಮ್ಮ ಒಬ್ಬಳೇ.

"ಇದರೊಳಗೆ ಸಿಮ್ ಇದೆ. ಆರು ನಂಬರು ಹಿಡಿಯುತ್ತೆ, ಒಬ್ಬರು ಎತ್ತದಿದ್ರೆ ಮುಂದಿನವರಿಗೆ ಹೋಗುತ್ತೆ," ಅಂದ ಸಾಬೀರ್. "ಮೊದಲನೇದು ಬೆಂಗಳೂರಿನ ಕಂಟ್ರೋಲ್ ರೂಮಿಂದು. ಅಲ್ಲಿ ಹಗಲೂ ರಾತ್ರಿ ಜನ ಇರ್ತಾರೆ. ಕಳ್ಳ ಬಂದ್ರೆ ಡಬ್ಬ ಮೊದಲು ಅವರಿಗೆ ಫೋನ್ ಮಾಡುತ್ತೆ, ಅವರು ಪೊಲೀಸಿಗೆ ಹೇಳ್ತಾರೆ, ನಿಮಗೂ ಹೇಳ್ತಾರೆ. ಒಂದು ಮಾತು ನೆನಪಿರಲಿ. ಯಾರಾದ್ರೂ ಒಬ್ಬರು ಫೋನ್ ಎತ್ತಿದ್ರೆ ಸಾಕು, ಸುದ್ದಿ ಮುಟ್ಟಿತು ಅಂದ್ಕೊಂಡು ಡಬ್ಬ ಸುಮ್ಮನಾಗುತ್ತೆ. ಅದಕ್ಕೇ ಮೊದಲನೇ ನಂಬರು ಮುಟ್ಟಬೇಡಿ. ಈ ಸಿಮ್ಮಿನ ನಂಬರನ್ನ ಎಲ್ಲರೂ ಫೋನಲ್ಲಿ ಸೇವ್ ಮಾಡ್ಕೊಳ್ಳಿ."

ಪರೀಕ್ಷೆಗೆ ಒಂದು ಸಲ ಬಾರಿಸಿಯೂ ತೋರಿಸಿದ. ಎರಡು ನಿಮಿಷದಲ್ಲಿ ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನು ಮಾಡಿ, "ಹೊಂಗೇದೊಡ್ಡಿ ಡೈರಿ ಸಿಗ್ನಲ್ ಬಂತು ಸರ್," ಅಂದಳು. ಅಷ್ಟು ದೂರದಿಂದ ತಮ್ಮೂರಿನ ಹೆಸರು ಕೇಳಿ ಕೆಂಚಮ್ಮನಿಗೆ ಮೈ ಜುಮ್ಮೆಂದಿತು. ಸಿಮ್ಮಿನ ನಂಬರು, ಆರು ನಂಬರಿನ ಪಟ್ಟಿ, ಅದನ್ನು ಹೇಗೆ ಬದಲಾಯಿಸುವುದು ಅನ್ನುವುದೆಲ್ಲ ಬರೆದ ಹಾಳೆಯನ್ನು ಸೆಕ್ರೆಟರಿ ಮಹೇಂದ್ರನ ಕೈಗೆ ಕೊಟ್ಟು ಸಾಬೀರ್ ಬೈಕು ಹತ್ತಿದ.

ಅವನ ಬೈಕಿನ ಧೂಳು ಇನ್ನೂ ಆರಿರಲಿಲ್ಲ, ಉಪಾಧ್ಯಕ್ಷ ಚೆಲುವಯ್ಯ ಹಾಳೆ ಇಣುಕಿ ನೋಡಿದ. "ಇದೇನ್ಲಾ ಮಹೇಂದ್ರ? ಮೊದ್ಲು ಬೆಂಗ್ಳೂರೋರು, ಆಮೇಕೆ ನೀನು, ಅಧ್ಯಕ್ಷರು ನಾಕ್ನೇರು, ನಾನು ಕೊನೇಗಾ? ಲಗ್ನಪತ್ರಿಕೇಲಿ ಹಿಂಗೆ ಹಾಕ್ಸಿದ್ರೆ ಊಟಕ್ ಕುಂತೋರು ಎದ್ದೋಯ್ತಾರೆ ಕಣ್ಲಾ!"

ಅಧ್ಯಕ್ಷ ದೊಡ್ಡಹನುಮಯ್ಯನಿಗೆ ಅದುವರೆಗೆ ಇಲ್ಲದ ಅವಮಾನ ಆಗ ಶುರುವಾಯಿತು. "ಅಲ್ವೇ ಮತ್ತೆ? ಈ ಡೈರಿಗೆ ಅಧ್ಯಕ್ಷ ನಾನೋ, ಆ ಬೆಂಗ್ಳೂರ್ ಹುಡ್ಗೀನೋ? ಬರ್ಕೊ. ಮೊದ್ಲು ನಂದು, ಆಮೇಲೆ ಚೆಲುವಯ್ಯಂದು, ಆಮೇಲೆ ಡೈರೆಕ್ಟ್ರುಗಳದು, ನಿಂದು. ಜಾಗ ಮಿಕ್ಕಿದ್ರೆ ಅವರ್ದು."

ಕೆಂಚಮ್ಮ ಒರೆಸುವ ಬಟ್ಟೆ ಬಿಟ್ಟು ಎದ್ದಳು. "ಬಾವ, ಆ ಸಾಬೀರಪ್ಪ ಮೊದಲ್ನೇದು ಮುಟ್ಬ್ಯಾಡಿ ಅಂತ ಬಾಯ್ಬುಟ್ಟು ಯೋಳವ್ನೆ. ನೀವು ಎತ್ಬುಟ್ರೆ ಡಬ್ಬ ಸುಮ್ಕಾಯ್ತದಂತೆ."

"ನಿಂಗ್ಯಾಕವ್ವಾ ಇದೆಲ್ಲ? ಬೀಗ ಹಾಕದ್ ನೋಡ್ಕೊ ಹೋಗು," ಅಂದ ದೊಡ್ಡಹನುಮಯ್ಯ. ಎಲ್ಲರೂ ನಕ್ಕರು. ಮಹೇಂದ್ರ ಹಾಳೆ ನೋಡಿಕೊಂಡು ಫೋನಿನಲ್ಲಿ ಒತ್ತತೊಡಗಿದ. ಕಂಟ್ರೋಲ್ ರೂಮು ಆರನೆಯ ಜಾಗಕ್ಕೆ ಇಳಿಯಿತು.

ನಿನ್ನೆ ಭಾನುವಾರ ಚೆಲುವಯ್ಯನ ಮಗಳ ಬೀಗರೂಟ. ಕನಕಪುರದ ಛತ್ರದಲ್ಲಿ ಬಾಡೂಟ ಅಂದಮೇಲೆ ಊರಿಗೆ ಊರೇ ಟೆಂಪೊ ಹತ್ತಿತ್ತು. ಕೆಂಚಮ್ಮ ಹಾಲಿನ ಲಾರಿ ಕಳಿಸಿ, ಸಾಬೀರ್ ಹೇಳಿಕೊಟ್ಟ ನಾಲ್ಕು ಅಂಕಿ ಒತ್ತಿದಳು. ಹಲಗೆ ಕೀ ಕೀ ಅಂದಿತು, ಕೆಂಪು ದೀಪ ಹತ್ತಿತು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿ, ಹಸುವಿಗೆ ಹುಲ್ಲು ತರಲು ಹಳ್ಳದಾಚೆ ಹೋದಳು. ಸಂಜೆ ಐದಕ್ಕೆ ಬಂದು ನೋಡಿದರೆ ಸೈರನ್ನಿನ ವೈರು ಕತ್ತರಿಸಿ ಜೋತಾಡುತ್ತಿದೆ, ಹಿಂದಿನ ಕಿಟಕಿಯ ಸರಳು ಬಗ್ಗಿದೆ. ಫ್ಯಾಟು ನೋಡುವ ಮಿಷನ್ನಿಲ್ಲ, ಎರಡು ದೊಡ್ಡ ಬ್ಯಾಟರಿಯಿಲ್ಲ. ಬೀರುವಿನೊಳಗಿನ ಡಬ್ಬ ಮಾತ್ರ ಮೂಟೆ ಹಿಂದೆ ಹಾಗೇ ಕೂತಿತ್ತು.

ಊಟ ಮುಗಿಸಿ ಬಂದ ದೊಡ್ಡಹನುಮಯ್ಯ ಮೊದಲು ಆಡಿದ ಮಾತು: "ನಂಗೆ ಯಾವ ಫೋನೂ ಬಂದಿಲ್ಲ. ಇವ್ಳು ಅಲಾರಂ ಹಾಕ್ದೆ ಹೋಗವ್ಳೆ."

ಆ ಒಂದು ಮಾತು ರಾತ್ರಿಯೆಲ್ಲ ಕೆಂಚಮ್ಮನ ಎದೆಯಲ್ಲಿ ಕೆಂಡವಾಗಿ ಕೂತಿತ್ತು. ಕಳ್ಳಿ ಅಂದಿದ್ದರೆ ಕಣ್ಣೀರು ಬರುತ್ತಿತ್ತೇನೋ. ಕೆಲಸ ಮರೆತಳು ಅಂದರಲ್ಲ, ಅದಕ್ಕೆ ಕಣ್ಣೀರೂ ಬರಲಿಲ್ಲ.

ಹನ್ನೊಂದಕ್ಕೆ ಹೊಂಗೆಮರದ ಕೆಳಗೆ ಕುರ್ಚಿ ಹಾಕಿದರು. ಹಾಲು ಹಾಕುವವರು ಸುತ್ತ ನಿಂತರು. ಮಹೇಂದ್ರ ನಡಾವಳಿ ಪುಸ್ತಕ ತೆರೆದ.

"ತಪ್ಪು ಯಾರ್ ಮಾಡಕಿಲ್ಲ ಕೆಂಚಮ್ಮ," ಅಂದ ಚೆಲುವಯ್ಯ, ದೊಡ್ಡ ಮನಸ್ಸು ಮಾಡಿದವನಂತೆ. "ವಯಸ್ಸಾಯ್ತು, ಮರ್ತ್ಬುಟ್ಟೆ. ಒಪ್ಕೊಂಡು ಬೀಗದ್ ಕೈ ಮಡಗ್ಬುಡು."

"ಮರ್ತಿಲ್ಲ."

"ಮತ್ತೆ ಫೋನ್ ಯಾಕ್ ಬರ್ಲಿಲ್ಲ?"

"ಬಂದದೆ."

ದೊಡ್ಡಹನುಮಯ್ಯ ತೊಡೆ ತಟ್ಟಿದ. "ನಾನೇನ್ ಸುಳ್ಳು ಯೋಳ್ತೀನಾ? ಕೆಂಗಲ್ ಆಂಜನೇಯನ ಮ್ಯಾಗಾಣೆ, ಡೈರಿಯಿಂದ ಒಂದ್ ಫೋನು ಬಂದಿದ್ರೆ ನಾನು ಎಲೆ ಬುಟ್ಟು ಎದ್ದ್ ಬತ್ತಿದ್ದೆ!"

ಕೆಂಚಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎಲೆಯಡಿಕೆ ಚೀಲ ಬಿಚ್ಚಿ, ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟಳು. "ಇಲ್ಲೇ ಇರ್ಲಿ. ಒಳಗೆ ಒಂದ್ ಕ್ಯಾನು ತೊಳ್ಯದೈತೆ, ಬತ್ತೀನಿ," ಅಂದು ಡೈರಿಯೊಳಕ್ಕೆ ಹೋದಳು.

ಕ್ಯಾನು ಮುಟ್ಟಲಿಲ್ಲ. ಬಾಗಿಲು ಎಳೆದುಕೊಂಡು ನಾಲ್ಕು ಅಂಕಿ ಒತ್ತಿದಳು. ಹಲಗೆ ಕೀ ಕೀ ಅನ್ನುವುದು ನಿಲ್ಲುವ ತನಕ ಗೋಡೆಗೆ ಒರಗಿ ಅಲುಗಾಡದೆ ನಿಂತಳು. ಕೀ ಕೀ ನಿಂತ ಮೇಲೆ ಕೆಂಪು ಕಣ್ಣಿನ ಎದುರಿಗೆ ಹೋಗಿ ಎರಡೂ ಕೈ ಎತ್ತಿ, ದೇವರ ಮುಂದೆ ಆಡಿಸುವ ಹಾಗೆ ಆಡಿಸಿದಳು. ಸೈರನ್ನಿನ ವೈರು ಕತ್ತರಿಸಿತ್ತಲ್ಲ, ಸದ್ದೇ ಇಲ್ಲ.

ಹೊರಗೆ ದೊಡ್ಡಹನುಮಯ್ಯ, "ಬೀಗದ ಕೈ ಇನ್ಮ್ಯಾಕೆ..." ಅನ್ನುವಷ್ಟರಲ್ಲಿ ಅವನ ಜೇಬು ಹಾಡಿತು. ಮಾತು ನಿಲ್ಲಿಸಿ ಫೋನು ತೆಗೆದು ಕಿವಿಗಿಟ್ಟ. ಅತ್ತಲಿಂದ ಪೀಂ ಪೀಂ ಅಂದದ್ದು ಪಕ್ಕದವರಿಗೂ ಕೇಳಿಸಿತು.

"ಥೂ, ಇವರ ಲೋನ್ ಮನೆ ಹಾಳಾಗ! ಊಟಕ್ ಕುಂತ್ರೂ ಬುಡಕಿಲ್ಲ, ಮೀಟಿಂಗ್ ಕುಂತ್ರೂ ಬುಡಕಿಲ್ಲ," ಅಂದು ಕರೆ ಕಡಿದು ಫೋನನ್ನು ಜೇಬಿಗೆ ಹಾಕಿಕೊಂಡ.

ಬಾಗಿಲಲ್ಲಿ ಕೆಂಚಮ್ಮ ನಿಂತಿದ್ದಳು. "ಯಾರ್ದು ಬಾವ ಫೋನು?"

"ಯಾವ್ದೋ ಕಂಪ್ನಿ ಕಾಲು, ಬುಡು."

"ಡೈರಿ ಕಾಲು. ನಾನು ಒಳಗೆ ಅಲಾರಂ ಹಾಕಿ ಬಾರಿಸ್ದೆ. ಮಹೇಂದ್ರ, ಆ ಫೋನ್ ಇಸ್ಕೊ. ನಿನ್ನೆ ಮದ್ಯಾನ ಆ ನಂಬರು ಬಂದಿತ್ತಾ, ಜನದ್ ಮುಂದೆ ಜೋರಾಗಿ ಓದು."

ಮಹೇಂದ್ರ ಫೋನು ನೋಡಿದ. ಸಾಬೀರ್ ಕೊಟ್ಟ ಹಾಳೆ ನೋಡಿದ. "ಅದೇ ನಂಬರು ಕೆಂಚಮ್ಮತ್ತೆ. ಒಂದೂ ನಲವತ್ತಕ್ಕೆ. ಎತ್ತವ್ರೆ. ಆರು ಸೆಕೆಂಡು."

ಮಾಯಮ್ಮನೇ ಮೊದಲು ಬಾಯಿಬಿಟ್ಟಳು. "ಅಯ್ಯೋ ನಿಮ್ಮ್ ಮರ್ವಾದೆಗಷ್ಟ್ ಬೆಂಕಿ ಹಾಕ! ಕಳ್ಳ ಬಂದವ್ನೆ ಅಂತ ಫೋನ್ ಬಂದ್ರೆ ಕೋಳಿಕಾಲ್ ಕಡೀತಾ ಕುಂತಿದ್ರಾ?"

"ಆಯ್ತು ಬುಡು ಕೆಂಚಮ್ಮ," ಅಂದ ದೊಡ್ಡಹನುಮಯ್ಯ ನೆಲ ನೋಡುತ್ತ. "ತಗೊ, ನಿನ್ನ ಬೀಗದ ಕೈ ತಗೊ."

ಕೆಂಚಮ್ಮ ಮುಟ್ಟಲಿಲ್ಲ. "ಮೊದ್ಲು ಬರೀರಿ. ಇಪ್ಪತ್ತೆರಡ್ ವರ್ಸ ನಿಮ್ಮ ಪುಸ್ತಕ್ದಲ್ಲಿ ನನ್ ಹೆಸ್ರು ಒಂದಪಾನೂ ಬರ್ದಿಲ್ಲ. ಈವತ್ತು ಬರೀರಿ. ಕೆಂಚಮ್ಮ ಅಲಾರಂ ಹಾಕಿದ್ಲು, ಅಧ್ಯಕ್ಷರು ಫೋನ್ ಎತ್ತಿ ಮಡಗ್ಬುಟ್ರು ಅಂತ. ಮೊದಲ್ನೇ ನಂಬರು ಮುಟ್ಬ್ಯಾಡಿ ಅಂತ ಆಗ್ಲೇ ನಾನ್ ಯೋಳಿದ್ನಲ್ಲ, ಅದನ್ನೂ ಬರೀರಿ."

ಮಹೇಂದ್ರ ಅಧ್ಯಕ್ಷನ ಮುಖ ನೋಡಿದ. ಆಮೇಲೆ ಪೆನ್ನು ತೆಗೆದು ಬರೆದ. ಕೆಂಚಮ್ಮ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿ ಮುಗಿಸುವ ತನಕ ಎಲ್ಲರೂ ಕಾದರು. ಕೆಳಗೆ ದೊಡ್ಡಹನುಮಯ್ಯ ರುಜು ಹಾಕಿದ ಮೇಲೆಯೇ ಬೀಗದ ಕೈ ಮತ್ತೆ ಚೀಲ ಸೇರಿತು.

ಮಧ್ಯಾಹ್ನ ಸಾಬೀರ್ ಬಂದು ಬೈದುಕೊಂಡೇ ವೈರು ಜೋಡಿಸಿದ, ನಂಬರುಗಳನ್ನು ಮೊದಲಿನಂತೆ ಕೂರಿಸಿದ. ಪರೀಕ್ಷೆಗೆ ಬಾರಿಸಿದಾಗ ಬೆಂಗಳೂರಿನ ಅದೇ ಹುಡುಗಿ ಫೋನು ಮಾಡಿ, "ಅಲ್ಲಿ ಬೀಗದ ಕೀ ಯಾರ ಹತ್ತಿರ ಇರುತ್ತೆ ಸರ್? ಹೆಸರು ಹೇಳಿ," ಅಂದಳು. ಚೆಲುವಯ್ಯ ಕೈ ಚಾಚಿದ್ದ. ಸಾಬೀರ್ ಫೋನನ್ನು ಕೆಂಚಮ್ಮನ ಕೈಗೆ ಕೊಟ್ಟ.

"ಕೆಂಚಮ್ಮ," ಅಂದಳು ಅವಳು. "ನಾನು ಫೋನ್ ಎತ್ತಿದ್ರೆ ಮಡಗಕಿಲ್ಲ ಕನವ್ವಾ."

ಮಂಗಳವಾರ ಬೆಳಿಗ್ಗೆ ದೊಡ್ಡಹನುಮಯ್ಯ ಎಂದಿನಂತೆ ಸಾಲು ದಾಟಿ ಬಂದು ತನ್ನ ಕ್ಯಾನನ್ನು ಎಲ್ಲರಿಗಿಂತ ಮುಂದೆ ಇಟ್ಟ. ಅಧ್ಯಕ್ಷರ ಹಾಲು ಮೊದಲು ಅಳೆಯುವುದು ಆ ಡೈರಿಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಕೆಂಚಮ್ಮ ಆ ಕ್ಯಾನನ್ನು ಎತ್ತಿಕೊಂಡಳು. ಸಾಲಿನ ಉದ್ದಕ್ಕೂ ನಡೆದು, ಕಟ್ಟಕಡೆಗೆ, ಮಾಯಮ್ಮನ ಹಿಂದೆ ಧಪ್ಪನೆ ಇಟ್ಟು ಬಂದಳು.

"ಬಂದೋರ್ ಬಂದಂಗೆ ಬಾವ," ಅಂದಳು.

ಅವನು ಸಾಲಿನತ್ತ ನೋಡಿದ. ಸಾಲಿನವರು ತಂತಮ್ಮ ಕ್ಯಾನನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಿಕೊಂಡರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ಹೋಗಿ ಕ್ಯಾನಿನ ಪಕ್ಕ ನಿಂತ.