ಅಮ್ಮನ ಕೈ ಮುರಿದ ಸೋಮವಾರ

ನಮ್ಮಮ್ಮನಿಗೆ ಬೆಳಕಿರುವ ಕಿಟಕಿ ಕಂಡರೆ ಆಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಈ ಹಿಮದ ಪರದೇಶದಲ್ಲಿ ಎಲ್ಲರ ಕಿಟಕಿಯಲ್ಲೂ ಕಾಗದದ ನಕ್ಷತ್ರದೊಳಗೆ ದೀಪ ಉರಿಯುತ್ತದೆ. ಅವಳು ಮೈಸೂರಿನಿಂದ ಕಿಸ್ಟಾದ ನನ್ನ ಮನೆಗೆ ಬಂದಿದ್ದ ಚಳಿಗಾಲ ನಮ್ಮದೊಂದು ಕಿಟಕಿ ಮಾತ್ರ ಕತ್ತಲು. ಹೊತ್ತು ಮುಳುಗುವ ಮೊದಲೇ ಪರದೆ ಎಳೆದು ಸಂದಿಗೆ ಟವೆಲ್ ತುರುಕುತ್ತಿದ್ದಳು.

"ಮೇಲಿಂದ ಕಾಣತ್ತೆ ಕಣೋ."

"ಮೇಲೆ ಯಾರಿದಾರಮ್ಮ, ಕಾಗೆನಾ?" ಎಂದು ಛೇಡಿಸುತ್ತಿದ್ದೆ.

ಎಪ್ಪತ್ತೊಂದರ ಯುದ್ಧದಲ್ಲಿ ಅವಳಿಗೆ ಎಂಟು ವರ್ಷ. ತಾತ ವಾಯುಪಡೆಯಲ್ಲಿದ್ದರು, ಜಾಮ್‌ನಗರದ ಕ್ವಾರ್ಟರ್ಸಿನಲ್ಲಿ ಮನೆ. ಆ ಕಥೆಯನ್ನು ಅನ್ನ ಬಡಿಸುವಾಗಲೇ ಹೇಳುತ್ತಿದ್ದಳು. "ಸೈರನ್ ಆದ್ರೆ ಕಂದಕಕ್ಕೆ ಹಾರ್ಬೇಕು. ಮೊಣಕೈ ಊರಿ ಬೋರಲು ಮಲ್ಗಿ ಕರ್ಚೀಫ್ ಕಚ್ಕೋಬೇಕು. ಒಂದೇ ಸಮ ಉದ್ದಕ್ಕೆ ಊದಿದ್ರೆ ಏಳ್ಬೋದು. ಒಂದಿನ ಎದ್ದು ಹೋದ್ರೆ ಕಿಟಕಿ ಗಾಜೆಲ್ಲ ಅನ್ನದ ಪಾತ್ರೇಲಿ. ಆರಿಸಿ ಆರಿಸಿ ಉಂಡ್ವಿ." ಆಮೇಲೆ ನನ್ನ ತಟ್ಟೆ ನೋಡಿ, "ನೀನು ಬೀನ್ಸ್ ಆರ್ಸಿ ಪಕ್ಕಕ್ಕಿಡ್ತೀಯ" ಎನ್ನುತ್ತಿದ್ದಳು.

ಇಲ್ಲಿ ಮೂರು ತಿಂಗಳಿಗೊಮ್ಮೆ, ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಮೂರಕ್ಕೆ, ಊರಿನ ಸೈರನ್‌ಗಳನ್ನು ಪರೀಕ್ಷೆಗೆಂದು ಊದುತ್ತಾರೆ. ಇದೇ ದೇಶದ ಉತ್ತರದ ಊರು ಉಮೆಯೊದಲ್ಲಿ ಸಂಶೋಧನೆ ಮಾಡುವ ನನ್ನ ತಂಗಿ ಸುಮ, ಆ ಡಿಸೆಂಬರಿನ ಪರೀಕ್ಷೆಯ ಹಿಂದಿನ ದಿನ ಭಾನುವಾರವೇ ಫೋನು ಮಾಡಿದ್ದಳು.

"ಅಣ್ಣಾ, ನಾಳೆ ಸೈರನ್ ಟೆಸ್ಟು. ನಾನು ಫೋನಲ್ಲಿ ಹೇಳಿದ್ರೆ ಅಮ್ಮ ಗಾಬರಿಯಾಗ್ತಾಳೆ, ನೀನು ಎದುರಿಗೆ ಕೂತ್ಕೊಂಡು ಹೇಳು. ಮರೀಬೇಡ, ನಿನ್ನ ತಲೆ ನಂಗೊತ್ತು."

ಹತ್ತನೇ ತರಗತಿಗೆ ಓದು ಬಿಟ್ಟು ಹೋಟೆಲಿನಲ್ಲಿ ದೋಸೆ ಹುಯ್ಯುವ ನನಗೆ ಆ ಕೊನೆಯ ಮಾತು ಚುಚ್ಚಿತು. ನಾನು ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ನೆನಪಿತ್ತು. ಇವಳು ಹೇಳಿದ್ದಕ್ಕೆಲ್ಲ ಕುಣಿಯಬೇಕೇ ಎಂದು ಅಮ್ಮನಿಗೆ ಹೇಳದೆಯೇ ಕೆಲಸಕ್ಕೆ ಹೊರಟುಬಿಟ್ಟೆ.

ಹೆಂಚು ಉಜ್ಜುತ್ತಿದ್ದಾಗ ಸೈರನ್ ಶುರುವಾಯಿತು. ಮನೆಗೆ ಫೋನು ಮಾಡಿದೆ. ಎತ್ತಲಿಲ್ಲ. ಎರಡು ಬೀದಿ ದೂರ, ಏಪ್ರನ್‌ನಲ್ಲೇ ಓಡಿದೆ.

ಅಮ್ಮ ಕಂದಕ ಹುಡುಕಿಕೊಂಡು ಮೆಟ್ಟಿಲಿಳಿದು ಅಂಗಳದ ಹಿಮದಲ್ಲಿ ಬೋರಲು ಮಲಗಿದ್ದಳು, ಬಾಯಲ್ಲಿ ಸೆರಗು. ಪಕ್ಕದಲ್ಲಿ ಕೆಳಮನೆಯ ಮುದುಕಿ ಬ್ರಿಟ್ಟಾ. ಕಸ ಹಾಕಲು ಬಂದಿದ್ದ ಆಕೆಯನ್ನು ಅಮ್ಮನೇ ಎಳೆದು ಮಲಗಿಸಿದ್ದಳಂತೆ. ತಿಳಿಸಿ ಹೇಳಲು ಭಾಷೆ ಬಾರದೆ ಆಕೆಯೂ ಅಮ್ಮನ ಬೆನ್ನ ಮೇಲೆ ಕೈಯಿಟ್ಟು ಮಲಗಿಯೇ ಇದ್ದಳು. ಉದ್ದನೆಯ ಸೈರನ್ ಊದಿದ ಮೇಲೇ ಅಮ್ಮ ಎದ್ದದ್ದು. ಹಾರಿ ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟು ಮುರಿದು ಜೋತುಬಿದ್ದಿತ್ತು.

"ನಿಂಗೆ ಗೊತ್ತಿತ್ತೇನೋ?"

ಹೌದೆಂದು ತಲೆ ಆಡಿಸಿದೆ.

ಸಂಜೆ ಸುಮಳಿಗೆ ಅಮ್ಮ ತಾನೇ ಫೋನಿನಲ್ಲಿ ಹೇಳಿದಳು. "ಹಿಮದಲ್ಲಿ ಜಾರಿ ಬಿದ್ದೆ ಕಣೆ. ಸೈರನ್ನಾ? ಹ್ಞೂ, ನಿಮ್ಮಣ್ಣ ಹೇಳಿದ್ದ."

ಹಿಮದಲ್ಲಿ ಜಾರದ ಬೂಟು ಕಳಿಸುತ್ತೇನೆಂದು ಎರಡು ವಾರ ತಡಮಾಡಿದ್ದ ಸುಮ, ಎಲ್ಲ ತನ್ನಿಂದಲೇ ಎಂದು ಅತ್ತಳು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಜನವರಿಯಲ್ಲಿ ವಿಮಾನ ನಿಲ್ದಾಣದಲ್ಲಿ ಅಮ್ಮ ಎಡಗೈಯಿಂದ ನನ್ನ ಕಾಲರು ಸರಿಮಾಡಿದಳು. "ಸುಮಂಗೆ ನೀನೇ ನಿಜ ಹೇಳು. ನನ್ನ ಬಾಯಲ್ಲಿ ಚಾಡಿ ಹೇಳಿಸ್ಬೇಡ." ಅವಳನ್ನು ನೋಡಿದ್ದು ಅದೇ ಕೊನೆ. ಆಷಾಢದಲ್ಲಿ ಮೈಸೂರಿನಲ್ಲಿ ತೀರಿಕೊಂಡಳು.

ಈಗಲೂ ಹಿಮ ಬಿದ್ದ ದಿನ ಸುಮ ಫೋನು ಮಾಡುತ್ತಾಳೆ. "ಆ ಬೂಟು ಕಳ್ಸಿದ್ರೆ ಅಮ್ಮನ ಕೈ ಮುರೀತಿರ್ಲಿಲ್ಲ ಅಲ್ವಾ ಅಣ್ಣಾ?" "ಬಿಡೇ, ನಿನ್ನ ತಪ್ಪೇನಿದೆ" ಎಂದು ದೊಡ್ಡವನ ಹಾಗೆ ಸಮಾಧಾನ ಹೇಳುತ್ತೇನೆ. ಮೊನ್ನೆಯೂ ಅಷ್ಟೇ ಹೇಳಿದೆ.

"ನೀನಿದೀಯಲ್ಲ, ಸಾಕು" ಎಂದಳು.