ಕೈಯಲ್ಲಿದ್ದ ಮಗ್ಗಿ

ನಮ್ಮ ಮೇಷ್ಟ್ರ ಪ್ಯಾಂಟು ಎರಡೂ ಮಂಡಿಯ ಹತ್ತಿರ ಸವೆದು, ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು. ಕುರ್ಚಿಯಲ್ಲಿ ಕೂತು ಪಾಠ ಮಾಡಿದವರೇ ಅಲ್ಲ. ಒಂದೊಂದು ಮಗುವಿನ ಪಕ್ಕದಲ್ಲೂ ಮಂಡಿಯೂರಿ ಕೂರುವರು. "ಇವ್ರು ಪಾಠ ಮಾಡ್ತಾರೋ, ದೇವ್ರಿಗೆ ಅಡ್ಡಬೀಳ್ತಾರೋ" ಎಂದು ನಮ್ಮವ್ವ ನಗುತ್ತಿದ್ದಳು.

ಹೆಗ್ಗದ್ದೆ ಕಡೆಯ ಆ ಶಾಲೆಯಲ್ಲಿ ನಾಲ್ಕು ಕ್ಲಾಸಿಗೂ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಹಾಡಿನ ಹುಚ್ಚಿದ್ದ ನನ್ನ ತಮ್ಮನಿಗೆ ಮಗ್ಗಿಯನ್ನು ಸೋಬಾನೆ ಧಾಟಿಯಲ್ಲಿ ಕಲಿಸಿದರು. ಬಾಯೇ ಬಿಡದ ಒಬ್ಬ ಹುಡುಗಿ ಉತ್ತರವನ್ನು ಚಿತ್ರ ಬರೆದು ತೋರಿಸಿದರೂ ಅವರಿಗೆ ಸರಿಯೇ. "ಕಾಫಿಗೆ ನೆರಳು ಬೇಕು, ಭತ್ತಕ್ಕೆ ಬಿಸ್ಲು ಬೇಕು. ಎರಡನ್ನೂ ಒಂದೇ ಕಡೆ ನೆಟ್ಟು ಆಮೇಲೆ ಪೈರಿಗೆ ಬೈದ್ರೆ ಹೆಂಗೆ?" ಎನ್ನುವರು.

ನನಗೆ ಮಾತ್ರ ಯಾವ ಧಾಟಿಯೂ ಹತ್ತಲಿಲ್ಲ. ಹಾಡಿಸಿದರು, ಬರೆಸಿದರು, ಕುಣಿಸಿಯೂ ನೋಡಿದರು. ಏಳರ ಮಗ್ಗಿ ಹೇಳು ಅಂದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಮೂರನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಅಪ್ಪ ಶಾಲೆಗೇ ಬಂದು, "ಇವ್ಳ ತಲೆಗೆ ಹತ್ತಲ್ಲ ಸಾ. ಮೂರ್ನೇ ಕ್ಲಾಸಲ್ಲೇ ಕೂರ್ಸಿ, ತಮ್ಮನ್ ಜೊತೆ ಕಲ್ತ್ಕಳ್ಳಿ" ಅಂದುಬಿಟ್ಟ. ಅಯ್ಯೋ, ನನ್ನ ಮಾನ! ಆ ಸಿಂಬಳಬುರುಕನ ಪಕ್ಕ ಕೂರುವುದಕ್ಕಿಂತ ಶಾಲೆ ಬಿಡುವುದೇ ವಾಸಿ ಎಂದು ದಾರಿಯುದ್ದಕ್ಕೂ ಅತ್ತೆ. ಮೇಷ್ಟ್ರು, "ಸ್ವಲ್ಪ ದಿನ ತಡ್ಕಳ್ಳಿ ಗೌಡ್ರೇ" ಅಂದಿದ್ದರು, ಅಷ್ಟೆ.

ಆ ಭಾನುವಾರ ಅವರು ನಮ್ಮ ಮನೆಗೆ ಬಂದಾಗ ನಾನು ಸಸಿಮಡಿಯಲ್ಲಿ ಮಣ್ಣು ತುಂಬಿದ ಕಾಫಿ ಸಸಿಯ ಕವರ್ ಸಾಲಾಗಿ ಜೋಡಿಸುತ್ತಿದ್ದೆ.

"ಆ ಮಡೀಲಿ ಎಷ್ಟವೆ?" ಅಂದರು.

"ಐವತ್ತಾರು ಸಾ."

"ಎಣಿಸಿದ್ಯಾ?"

"ಎಣ್ಸೋದ್ಯಾಕೆ? ಏಳ್ ಸಾಲು, ಸಾಲಿಗೆ ಎಂಟು" ಎಂದೆ, ತಲೆ ಎತ್ತದೆ.

ಮೇಷ್ಟ್ರು ಕೆಸರಿನಲ್ಲೇ ಮಂಡಿಯೂರಿಬಿಟ್ಟರು. ಒಂದು ಸಾಲು ತೆಗೆಸಿ ಕೇಳಿದರು, ಎರಡು ಸಾಲು ಸೇರಿಸಿ ಕೇಳಿದರು. ನಾನು ಪಟಪಟ ಹೇಳಿದೆ. "ಗೌಡ್ರೇ, ಬನ್ನಿ ಇಲ್ಲಿ! ನಾನೊಬ್ಬ ಪೆದ್ದ, ಇಷ್ಟ್ ದಿನ ಬಾಯಲ್ಲಿ ಹುಡುಕ್ತಿದ್ದೆ. ಇವ್ಳ ಮಗ್ಗಿ ಕೈಯಲ್ಲೈತೆ ಕಣ್ರೀ!"

ಅಪ್ಪ ತಲೆ ಕೆರೆದುಕೊಂಡು, "ಹಂಗಾರೆ ನಾಕಕ್ಕೇ ಹಾಕ್ಬುಡಿ ಸಾ" ಎಂದ. ಆಮೇಲೆ ಶಾಲೆಯಲ್ಲಿ ನನ್ನ ಲೆಕ್ಕವೆಲ್ಲ ಹುಣಸೆಬೀಜದಲ್ಲೇ ನಡೆಯಿತು. ಈಗ ದೋಣಿಗಲ್ ಹತ್ತಿರ ನನ್ನದೇ ಕಾಫಿ ಸಸಿಯ ನರ್ಸರಿ ಇದೆ.

ಹೋದ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತೆಂದು ತಿಳಿದು, ಪಾಳ್ಯದ ಅವರ ಮನೆಗೆ ಹೋದೆ. ಸೊಸೆ ಗಂಜಿ ಲೋಟ ಹಿಡಿದು, "ಬೇಕಾ ಮಾವ? ಬೇಡ್ವಾ?" ಎಂದು ಕೂಗಿ ಕೂಗಿ ಸೋತಿದ್ದಳು. ಬಾಯಿಗಿಟ್ಟರೆ ಅವರು ಉಗಿಯುತ್ತಿದ್ದರು. "ಏನೂ ತಿಳಿಯಲ್ಲ ಅಕ್ಕ ಇವ್ರಿಗೆ" ಎಂದು ಕಣ್ಣೊರೆಸಿಕೊಂಡಳು.

ನನಗೆ ಸಿಟ್ಟೇ ಬಂತು. ನನ್ನ ಮೇಷ್ಟ್ರಿಗೆ ತಿಳಿಯಲ್ಲವೇ?

"ಕೇಳ್ಬೇಡ ಮಾರಾಯ್ತಿ, ತೋರ್ಸು" ಅಂದೆ.

ಒಂದು ಕಡೆ ಗಂಜಿ, ಇನ್ನೊಂದು ಕಡೆ ಮೆತ್ತಗೆ ಕಿವುಚಿದ ಅನ್ನ ಸಾರು, ಎರಡನ್ನೂ ಮುಂದಿಟ್ಟೆವು. ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ನಿಧಾನವಾಗಿ ಚಾಚಿ, ಅನ್ನದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಸೊಸೆ "ಅಯ್ಯೋ ಮಾವ" ಎಂದು ಅಳತೊಡಗಿದಳು. ನಾನೂ ಅತ್ತೆ.

ಮೇಷ್ಟ್ರು ಆಮೇಲೆ ಹೆಚ್ಚು ದಿನ ಇರಲಿಲ್ಲ. ಇದ್ದಷ್ಟು ದಿನ ಸೊಸೆ ಎರಡನ್ನೂ ಮುಂದಿಟ್ಟು ತೋರಿಸಿಯೇ ಉಣಿಸಿದಳಂತೆ; ಬೇಡದ ಗಂಜಿಯನ್ನು ಅವರು ಒಮ್ಮೆಯೂ ಕುಡಿಯಬೇಕಾಗಲಿಲ್ಲವಂತೆ.