ಡೆನ್ಮಾರ್ಕಿನ ಜಾಡಿಗೆ ಹತ್ತಿದ ಅರಿಸಿನ

ಕಡಲಾಚೆಯ ಪಾರ್ಸಿಪನಿ ಊರಿನಲ್ಲಿ, ಮನೆಗಳ ಮುಂದೆ ಹಳೆ ಸಾಮಾನು ಮಾರುವ ಗರಾಜ್ ಸೇಲುಗಳಲ್ಲಿ ರೇಣು ಯಾವ ಪಾತ್ರೆಯನ್ನಾದರೂ ಮೊದಲು ಮಗುಚಿ ಅಡಿ ನೋಡುವಳು. ಅಲ್ಲಿ ಡೆನ್ಮಾರ್ಕಿನ ಮುದ್ರೆಯಿದ್ದರೆ ಅವಳ ಮುಖ ಅರಳುತ್ತಿತ್ತು. ಕೊಪ್ಪಳದಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವಳು ಗಂಡ ಪಂಚಾಕ್ಷರಿಯ, ಇಸವಿ 2000ಕ್ಕಾಗಿ ಕಂಪ್ಯೂಟರುಗಳ ತಾರೀಖು ತಿದ್ದುವ ವೈಟುಕೆ ಕೆಲಸದ ಬೆನ್ನಿಗೆ ಡಿಪೆಂಡೆಂಟ್ ವೀಸಾದಲ್ಲಿ ಬಂದಿದ್ದಳು. ಇಲ್ಲಿ ದುಡಿಯುವ ಹಾಗಿರಲಿಲ್ಲ. ಹಳೆಯ ಚೀನೀ ಬಟ್ಟಲುಗಳಿಗೆ ಮನಸೋತು ಡೆನ್ಮಾರ್ಕಿನ ಕುಂಬಾರರು ಮಾಡಿದ, ಕಲ್ಲಿನಂತೆ ಗಟ್ಟಿಯಾದ ಆ ಪಾತ್ರೆಗಳಲ್ಲಿ ಅವಳಿಗೆ ತನ್ನ ಪಾಠವೇ ಕಾಣುತ್ತಿತ್ತು. ಮೆರುಗಿನಲ್ಲಿ ಬೆರೆತದ್ದು ಅದೇ ಕಬ್ಬಿಣ, ಆವಿಗೆಯಲ್ಲಿ ಗಾಳಿಯಾಡಿದರೆ ಕಂದು, ಗಾಳಿ ಕಟ್ಟಿದರೆ ತಿಳಿಹಸಿರು.

ಆರು ಪಾತ್ರೆ ಸೇರಿದ್ದವು. ಊರಿನ ಲೈಬ್ರರಿಯವರು ಒಂದು ತಿಂಗಳು ಗಾಜಿನ ಕಪಾಟಿನಲ್ಲಿ ಅವನ್ನಿಡಲು ಒಪ್ಪಿದ್ದರು. ಕಪಾಟಿಗೆ ಅಂಟಿಸುವ ಚೀಟಿಯಲ್ಲಿ ‘ಸಂಗ್ರಹ: ರೇಣು ಹಿರೇಮಠ.’ ಈ ದೇಶದಲ್ಲಿ ಅವಳ ಹೆಸರು ಗಂಡನದಕ್ಕೆ ಅಂಟಿಕೊಳ್ಳದೆ ಬರುವುದು ಅದೇ ಮೊದಲು.

ಒಯ್ಯುವ ಹಿಂದಿನ ದಿನ, ಎಲ್ಲಕ್ಕಿಂತ ಚೆಂದದ ತಿಳಿಹಸಿರು ಜಾಡಿಯ ಮುಚ್ಚಳ ತೆಗೆದರೆ ಇಂಗು ಘಮ್ಮೆಂದಿತು. ಕೊಪ್ಪಳದಿಂದ ಬಂದಿದ್ದ ಅತ್ತೆ ಚನ್ನಬಸಮ್ಮ ಅದರಲ್ಲಿ ಮಾವಿನ ಉಪ್ಪಿನಕಾಯಿ ಹಾಕಿದ್ದರು.

“ಅತ್ತಿ, ಇದ್ರಾಗ ಯಾಕ ಹಾಕಿದ್ರಿ?”

“ಜಾಡಿ ಅಲ್ಲೇನವಾ ಇದು? ನಿನ್ನ ಡಬ್ಬಿ ಎಲ್ಲಾ ಪ್ಲಾಸ್ಟಿಕ್ಕು. ಉಪ್ಪಿನಕಾಯಿ ಅದ್ರಾಗ ಬಾಳತೈತೇನು?”

“ಅದು ನೋಡಾಕ ಇಟ್ಟಿದ್ದು!”

“ಬರೇ ನೋಡಾಕ?” ಎನ್ನುವಷ್ಟರಲ್ಲಿ ಸೊಸೆಯ ಕಣ್ಣು ತುಂಬಿದ್ದು ಕಂಡು ಚನ್ನಬಸಮ್ಮ ಬಾಯಿ ಮುಚ್ಚಿದರು.

ಇಬ್ಬರೂ ತೊಳೆದರು. ಸೋಪಿಗೂ ಜಗ್ಗದೆ, ಮೆರುಗಿನ ಕೂದಲೆಳೆಯಂಥ ಬಿರುಕುಗಳಲ್ಲಿ ಅರಿಸಿನ ಕೂತೇ ಇತ್ತು. ಸಂಜೆ ಬಂದ ಪಂಚಾಕ್ಷರಿ, “ಚೀನಾ ಶುರು ಮಾಡಿದ್ದನ್ನ ಕೊಪ್ಪಳ ಮುಗಿಸ್ತು” ಎಂದು ನಕ್ಕ.

“ನೀ ಸುಮ್ಕಿರಲೇ” ಎಂದು ತಾಯಿ ಗದರಿದರು. “ಮುಚ್ಚಳ ಹಾಕೇ ಇಡವಾ, ಯಾರಿಗೂ ಕಾಣಂಗಿಲ್ಲ.”

ರೇಣು ಜಾಡಿಯನ್ನು ಒರೆಸಿ ಕಿಟಕಿಯಲ್ಲಿ ಒಣಗಲಿಟ್ಟಳು.

ಶನಿವಾರ ಕಾರಿನ ಹಿಂದಿನ ಸೀಟಿನಲ್ಲಿ ಚನ್ನಬಸಮ್ಮ ಆ ಜಾಡಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ರಸ್ತೆ ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಅವುಚಿ ಹಿಡಿದರು, ಬಾಣಂತಿ ಕೂಸನ್ನು ಹಿಡಿದ ಹಾಗೆ. ರೇಣು ಕನ್ನಡಿಯಲ್ಲಿ ಅದನ್ನು ನೋಡುತ್ತಲೇ ಇದ್ದಳು.

ಪಾತ್ರೆಯ ಊನವನ್ನು ಚೀಟಿಯಲ್ಲಿ ಬರೆಯುವುದು ಸಂಗ್ರಹಕಾರರ ರೂಢಿ. ‘ಒಳಗೆ ಕಲೆ’ ಎಂದರೆ ಸಾಕಿತ್ತು. ಲೈಬ್ರರಿಯ ಕಪಾಟಿನ ಮುಂದೆ ರೇಣು ಜಾಡಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಇಂಗ್ಲಿಷಿನಲ್ಲಿ ಬರೆದು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದಳು: “ಒಳಗಿನ ಹಳದಿ, ಮಾವಿನ ಉಪ್ಪಿನಕಾಯಿಯದು. ಹಾಕಿದವರು ಚನ್ನಬಸಮ್ಮ, ಕೊಪ್ಪಳ, 1999.”

“ಅಯ್ಯ, ಮಂದಿ ಓದಿ ನಗತಾರ. ಇಲ್ಲಾಂದ್ರ ಉಪ್ಪಿನಕಾಯಿ ಕೇಳಾಕ ಮನೀಗೇ ಬರತಾರ.”

“ಬರಲಿ ಬಿಡ್ರಿ ಅತ್ತಿ,” ಎಂದಳು ರೇಣು, “ಕೊಡೂಣು.”